ಆಕಾಶದವರು ನಮಗಿಂತ ಮೇಲಿನವರೇ?

ಆರ್ಥರ್ ಸಿ. ಕ್ಲಾರ್ಕ್ 1953ರಲ್ಲಿ ‘ಚೈಲ್ಡ್‌ಹುಡ್ಸ್ ಎಂಡ್’ ಎಂಬ ಕಾದಂಬರಿ ಪ್ರಕಟಿಸಿದರು. ಒಂದು ದಿನ ಭೂಮಿಯ ದೊಡ್ಡ ನಗರಗಳ ನೆತ್ತಿಯ ಮೇಲೆ ಭಾರೀ ನೌಕೆಗಳು ಬಂದು ನಿಲ್ಲುತ್ತವೆ. ಒಳಗಿರುವವರಿಗೆ ಓವರ್‌ಲಾರ್ಡ್‌ಗಳು ಎಂದು ಹೆಸರು. ಅವರು ದೋಚಲು ಬಂದವರಲ್ಲ. ಯುದ್ಧ ನಿಲ್ಲಿಸುತ್ತಾರೆ, ಬಡತನ ಅಳಿಸುತ್ತಾರೆ. ಸ್ಪೇನಿನಲ್ಲಿ ಗೂಳಿಕಾಳಗ ನಡೆಯುವಾಗ ಗೂಳಿಗೆ ಈಟಿ ತಾಗುತ್ತಲೇ ಅದೇ ನೋವು ನೋಡುತ್ತ ಕುಳಿತ ಸಾವಿರಾರು ಜನರ ಮೈಯಲ್ಲೂ ಏಳುವಂತೆ ಮಾಡುತ್ತಾರೆ. ಆಟ ಅಲ್ಲಿಗೇ ಮುಗಿಯುತ್ತದೆ. ಐವತ್ತು ವರ್ಷ ಮುಖ ತೋರಿಸುವುದಿಲ್ಲ. ಕೊನೆಗೆ ಹೊರಗೆ ಬಂದಾಗ ಕೊಂಬು, ರೆಕ್ಕೆ, ಬಾಲ! ಕ್ರೈಸ್ತರು ಸೈತಾನನಿಗೆ ಕೊಟ್ಟ ರೂಪವೇ ಅವರದು. ಅಷ್ಟು ಹೊತ್ತಿಗೆ ಭೂಮಿಯವರಿಗೆ ಅವರ ಮೇಲೆ ಹೆದರಿಕೆ ಉಳಿದಿರುವುದಿಲ್ಲ.

ಇವರು ಮನುಷ್ಯರಿಗಿಂತ ಮುಂದುವರಿದವರೇ? ಹೌದು ಎಂಬ ಉತ್ತರ ನಾಲಿಗೆಯ ತುದಿಗೆ ಬಂದುಬಿಡುತ್ತದೆ. ಆದರೆ ಕ್ಲಾರ್ಕ್ ಕಥೆಯನ್ನು ಬೇರೆ ಕಡೆಗೆ ಒಯ್ಯುತ್ತಾರೆ. ಭೂಮಿಯ ಮಕ್ಕಳಲ್ಲಿ ವಿಚಿತ್ರವಾದ ಮಾರ್ಪಾಡು ಶುರುವಾಗುತ್ತದೆ. ಅವರೆಲ್ಲ ಒಂದೇ ಮನಸ್ಸಾಗಿ, ‘ಓವರ್‌ಮೈಂಡ್’ ಎಂಬ ವಿಶ್ವಚೇತನದೊಳಗೆ ಸೇರಿಹೋಗುತ್ತಾರೆ. ಓವರ್‌ಲಾರ್ಡ್‌ಗಳಿಗೆ ಆ ದಾರಿ ಇಲ್ಲ. ಅವರು ಆ ಚೇತನದ ಸೇವಕರು. ಅವರ ಕುಲ ಬೆಳೆದು ಬೆಳೆದು ಮುಂದೆ ದಾರಿಯಿಲ್ಲದಲ್ಲಿ ನಿಂತಿದೆ. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಬಲ್ಲವರಿಗೆ, ಒಂದು ಹಳ್ಳಿಯ ಮಗುವಿಗೆ ತೆರೆದ ಬಾಗಿಲು ತೆರೆಯುವುದಿಲ್ಲ.

ಇದನ್ನು ಓದುವ ಕರಾವಳಿಯ ಓದುಗರಿಗೆ, ಅದರಲ್ಲೂ ಜೈನ ಮನೆಯಲ್ಲಿ ಬೆಳೆದವರಿಗೆ, ಈ ತಿರುವು ಎಲ್ಲೋ ಕೇಳಿದಂತೆ ಅನಿಸದೆ ಇರದು. ಇದೇ ಪ್ರಶ್ನೆಯನ್ನು, ಇದೇ ಅಚ್ಚರಿಯ ಉತ್ತರದೊಂದಿಗೆ, ಮೂಡುಬಿದಿರೆಯ ತಾಳೆಗರಿಗಳು ಶತಮಾನಗಳಿಂದ ಇಟ್ಟುಕೊಂಡಿವೆ.

ಮೂಡುಬಿದಿರೆಗೆ ಹೊಂದಿಕೊಂಡಿರುವ ಪುತ್ತಿಗೆ ಚೌಟ ಅರಸರ ನೆಲೆ. ಉಳ್ಳಾಲ, ಪುತ್ತಿಗೆ, ಮೂಡುಬಿದಿರೆ ಈ ಮನೆತನದ ಮೂರು ಹೆಸರಾಂತ ರಾಜಧಾನಿಗಳು. ಅರಸರು ಜೈನರು, ಆದರೂ ಸೋಮನಾಥನ ಭಕ್ತರು. ಪುತ್ತಿಗೆಯ ಸೋಮನಾಥೇಶ್ವರ ದೇವಸ್ಥಾನ ಇವತ್ತಿಗೂ ಊರಿನ ನಡುಮನೆಯಂತಿದೆ. ಅವರ ಸೀಮೆಯ ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿಗಳು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡದವರು ಕಡಿಮೆ. ನಮ್ಮ ವಿಷಯಕ್ಕೆ ಬೇಕಾದದ್ದು ಗುರುಬಸದಿ. ಪುಷ್ಪದಂತ, ಭೂತಬಲಿ ಎಂಬ ಮುನಿಗಳು ರಚಿಸಿದ ‘ಷಟ್‌ಖಂಡಾಗಮ’, ಅದರ ಮೇಲೆ ವೀರಸೇನಾಚಾರ್ಯರು ಬರೆದ ‘ಧವಲಾ’ ಟೀಕೆ, ಇವುಗಳ ಹಳಗನ್ನಡ ಲಿಪಿಯ ತಾಳೆಗರಿ ಪ್ರತಿ ಉಳಿದು ಬಂದದ್ದು ಇಲ್ಲಿ. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಹದಿನಾರು ಸಂಪುಟಗಳಾಗಿ ಅಚ್ಚಾದ ಗ್ರಂಥಕ್ಕೆ ಮೂಲ ಆಸರೆ ಇದೇ ಊರು. ಆ ಗ್ರಂಥದ ಆರಂಭದಲ್ಲೇ ಒಂದು ಪ್ರಶ್ನೆ ಬರುತ್ತದೆ: ಯಾವ ಬಗೆಯ ಜೀವಿ ಎಷ್ಟು ಎತ್ತರಕ್ಕೆ ಏರಬಲ್ಲುದು?

ದೇವತೆಗಳೆಂದರೆ ಅನ್ಯಗ್ರಹಜೀವಿಗಳು ಎಂದು ನಾನು ಹೇಳಹೊರಟಿಲ್ಲ. ಪುರಾಣದಲ್ಲಿ ರಾಕೆಟ್ ಹುಡುಕುವುದರಿಂದ ಪುರಾಣಕ್ಕೂ ರಾಕೆಟ್ಟಿಗೂ ಲಾಭವಿಲ್ಲ. ಇಲ್ಲಿ ಬೇಕಾಗಿರುವುದು ಚಿಂತನೆಯ ಕ್ರಮ. ನಮಗಿಂತ ಶಕ್ತಿ, ಆಯುಸ್ಸು, ಅರಿವು ಎಲ್ಲವೂ ಹೆಚ್ಚಿರುವ ಜೀವಿಗಳನ್ನು ಕಲ್ಪಿಸಿಕೊಂಡು, ಅವರ ಪಕ್ಕದಲ್ಲಿ ಮನುಷ್ಯನನ್ನು ನಿಲ್ಲಿಸಿ ಅಳೆಯುವ ಕೆಲಸವನ್ನು ಜೈನ ದಾರ್ಶನಿಕರು ಬಹಳ ಶಿಸ್ತಿನಿಂದ ಮಾಡಿದ್ದಾರೆ. ಆ ಶಿಸ್ತು ಇವತ್ತಿನ ವಿಜ್ಞಾನ ಕಥೆಗೆ ಉಪಯೋಗಕ್ಕೆ ಬರುತ್ತದೆ.

ಅವರ ಲೆಕ್ಕದಲ್ಲಿ ಸಂಸಾರಿ ಜೀವಿಗಳಿಗೆ ನಾಲ್ಕು ಗತಿ: ದೇವ, ಮನುಷ್ಯ, ತಿರ್ಯಂಚ, ನಾರಕ. ತಿರ್ಯಂಚ ಎಂದರೆ ಪ್ರಾಣಿ, ಪಕ್ಷಿ, ಹುಳ, ಗಿಡಮರ ಎಲ್ಲವೂ. ದೇವಗತಿಯಲ್ಲಿ ಮತ್ತೆ ನಾಲ್ಕು ನಿಕಾಯಗಳು. ಅವುಗಳಲ್ಲಿ ಜ್ಯೋತಿಷ್ಕರೆಂದರೆ ಸೂರ್ಯ, ಚಂದ್ರ, ಗ್ರಹ, ನಕ್ಷತ್ರಗಳಲ್ಲೇ ನೆಲೆಸಿದವರು. ವೈಮಾನಿಕರು ಅವರಿಗಿಂತಲೂ ಮೇಲಿನ ವಿಮಾನಗಳಲ್ಲಿ ಇರುವವರು. ಇವರು ಗರ್ಭದಿಂದ ಹುಟ್ಟುವುದಿಲ್ಲ, ತರುಣರಾಗಿಯೇ ಮೂಡುತ್ತಾರೆ. ದೇಹದಲ್ಲಿ ರಕ್ತ ಮಾಂಸಗಳಿಲ್ಲ, ಬೇಕಾದ ರೂಪ ತಾಳಬಲ್ಲರು. ದೂರದ್ದನ್ನು ಇಂದ್ರಿಯದ ನೆರವಿಲ್ಲದೆ ಕಾಣುವ ಅವಧಿಜ್ಞಾನ ಅವರಿಗೆ ಹುಟ್ಟಿನಿಂದಲೇ ಬಂದದ್ದು; ಮನುಷ್ಯನಿಗಾದರೋ ಸಾಧನೆಯಿಂದ ಒದಗಬೇಕು. ಎಷ್ಟು ಸಾಗರೋಪಮದ (ಎಣಿಕೆಗೆ ಸಿಗದಷ್ಟು ದೀರ್ಘ ಕಾಲಮಾನ) ಆಯುಸ್ಸೋ ಅಷ್ಟು ಸಾವಿರ ವರ್ಷಕ್ಕೊಮ್ಮೆ ಅವರಿಗೆ ಆಹಾರದ ನೆನಪು, ಅಷ್ಟು ಪಕ್ಷಗಳಿಗೊಮ್ಮೆ ಉಸಿರು. ತೀರ ಮೇಲಿನವರ ಆಯುಸ್ಸು ಮೂವತ್ತಮೂರು ಸಾಗರೋಪಮ. ಮೂಡುಬಿದಿರೆಯ ಕವಿ ರತ್ನಾಕರವರ್ಣಿ ‘ಭರತೇಶ ವೈಭವ’ ಬರೆದವನೆಂದು ಎಲ್ಲರಿಗೂ ಗೊತ್ತು. ಈ ಲೋಕರಚನೆಯನ್ನೇ ವಸ್ತುವಾಗಿಟ್ಟುಕೊಂಡು ಅವನು ‘ತ್ರಿಲೋಕ ಶತಕ’ವನ್ನೂ ಬರೆದ. ಅಂದರೆ ಬೇರೆ ಲೋಕದವರ ಬಾಳುವೆ ಹದಿನಾರನೇ ಶತಮಾನದ ಕನ್ನಡ ಓದುಗನಿಗೆ ಪರಿಚಿತ ವಿಷಯವಾಗಿತ್ತು.

ಈಗ ಅಳತೆಯ ಮಾತು. ಯಾರು ಮುಂದುವರಿದವರು ಎಂದು ಕೇಳುವ ಮುನ್ನ ಯಾವುದರಲ್ಲಿ ಎಂದು ಕೇಳಲೇಬೇಕು. ನಮ್ಮ ಪೇಟೆಯಲ್ಲಿ ಅಡಿಕೆಯನ್ನು ತೂಗುತ್ತಾರೆ, ಮಲ್ಲಿಗೆಯನ್ನು ಅಟ್ಟೆಯ ಲೆಕ್ಕದಲ್ಲಿ ಕೊಡುತ್ತಾರೆ. ಮಲ್ಲಿಗೆಯನ್ನು ತಕ್ಕಡಿಗೆ ಹಾಕಿ ಅಡಿಕೆಗಿಂತ ಕಡಿಮೆ ಎಂದರೆ ಆ ಮಾತು ಸುಳ್ಳಲ್ಲ, ಅದರಿಂದ ಏನೂ ತಿಳಿಯುವುದಿಲ್ಲ ಅಷ್ಟೆ. ಆಧುನಿಕ ಕಾಲದ ಅತ್ಯಂತ ಹೆಸರಾದ ಅಳತೆಗೋಲು 1964ರಲ್ಲಿ ಸೋವಿಯತ್ ಖಗೋಳಶಾಸ್ತ್ರಜ್ಞ ನಿಕೊಲಾಯ್ ಕಾರ್ದಶೆವ್ ಕೊಟ್ಟದ್ದು. ಒಂದು ಗ್ರಹಕ್ಕೆ ದಕ್ಕುವಷ್ಟು ಶಕ್ತಿಯನ್ನು ಬಳಸುವ ನಾಗರಿಕತೆ ಮೊದಲ ಮಟ್ಟದ್ದು, ಒಂದು ನಕ್ಷತ್ರದ ಶಕ್ತಿಯನ್ನೆಲ್ಲ ಬಳಸುವುದು ಎರಡನೆಯದು, ಇಡೀ ಗ್ಯಾಲಕ್ಸಿಯ ಶಕ್ತಿ ಬಳಸುವುದು ಮೂರನೆಯದು. ದೂರದರ್ಶಕದಲ್ಲಿ ಏನು ಹುಡುಕಬೇಕು ಎಂದು ತೀರ್ಮಾನಿಸಲು ಇದು ಬಹಳ ಒಳ್ಳೆಯ ಅಳತೆ, ಏಕೆಂದರೆ ಹೆಚ್ಚು ಶಕ್ತಿ ಉರಿಸುವವರು ದೂರಕ್ಕೆ ಕಾಣುತ್ತಾರೆ. ತೊಡಕು ಬರುವುದು ಇದನ್ನು ಮೇಲು ಕೀಳಿನ ಅಳತೆ ಮಾಡಿಕೊಂಡಾಗ. ಹೆಚ್ಚು ಉರಿಸುವವನೇ ಹೆಚ್ಚಿನವನು ಎಂದು ಎಲ್ಲಿ ಸಾಬೀತಾಗಿದೆ? ಮರಮುಟ್ಟು, ನದಿ, ಗುಡ್ಡ ಎಲ್ಲವನ್ನೂ ಬಳಸಿ ಮುಗಿಸಿದ ಊರನ್ನು ಅಭಿವೃದ್ಧಿ ಹೊಂದಿದ ಊರು ಎನ್ನುವ ಅಭ್ಯಾಸದ ಆಕಾಶದ ರೂಪ ಇದು.

ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ನಾಲ್ಕನೇ ಅಧ್ಯಾಯ ದೇವತೆಗಳ ಕುರಿತದ್ದು. ಅಲ್ಲಿ ಎರಡು ಪುಟ್ಟ ಸೂತ್ರಗಳು ಒಂದರ ಹಿಂದೊಂದು ಬರುತ್ತವೆ. ಮೊದಲನೆಯದರ ಪ್ರಕಾರ, ದೇವಲೋಕದಲ್ಲಿ ಮೇಲೆ ಮೇಲೆ ಹೋದಂತೆ ಆಯುಸ್ಸು, ಪ್ರಭಾವ, ಸುಖ, ಕಾಂತಿ, ಭಾವದ ನಿರ್ಮಲತೆ, ಇಂದ್ರಿಯ ಮತ್ತು ಅವಧಿಜ್ಞಾನದ ಹರವು ಹೆಚ್ಚುತ್ತವೆ. ಎರಡನೆಯದು ಕಡಿಮೆಯಾಗುವುದನ್ನು ಹೇಳುತ್ತದೆ: ಓಡಾಟ, ದೇಹದ ಗಾತ್ರ, ಪರಿಗ್ರಹ, ಅಭಿಮಾನ. ಕೆಳಗಿನ ಸ್ವರ್ಗದ ದೇವನದು ಏಳು ಮೊಳದ ದೇಹ, ತುತ್ತತುದಿಯವನದು ಒಂದೇ ಮೊಳ. ಕೆಳಗೆ ಇಂದ್ರ, ಪರಿವಾರ, ವಾಹನವಾಗಿ ದುಡಿಯುವ ಆಳುದೇವತೆಗಳು ಎಂಬ ದರ್ಜೆಗಳುಂಟು. ಮೇಲಿನ ಲೋಕಗಳಲ್ಲಿ ಒಡೆಯನೂ ಇಲ್ಲ, ಆಳೂ ಇಲ್ಲ, ಪ್ರತಿಯೊಬ್ಬನೂ ಅಹಮಿಂದ್ರ. ಅಲ್ಲಿಯವರು ತಮ್ಮ ವಿಮಾನ ಬಿಟ್ಟು ಹೊರಡುವುದೂ ಇಲ್ಲ. ಕಾರ್ದಶೆವ್‌ನ ಅಳತೆಗೆ ಇವರು ಸಿಕ್ಕುವುದೇ ಇಲ್ಲ. ಮೇಲೇರಿದಂತೆ ಹರಡಿಕೊಳ್ಳಬೇಕು, ಗೆಲ್ಲಬೇಕು, ತುಂಬಿಸಿಕೊಳ್ಳಬೇಕು ಎಂಬ ಊಹೆಯನ್ನೇ ಈ ಎರಡು ಸೂತ್ರಗಳು ಮುರಿದಿವೆ. ನನ್ನ ಓದಿನಲ್ಲಿ, ಯಾವ ದೇಶದ ವಿಜ್ಞಾನ ಕಥೆಗೂ ಇಷ್ಟು ಧೈರ್ಯದ ಕಲ್ಪನೆ ಸುಲಭಕ್ಕೆ ದಕ್ಕಿಲ್ಲ.

ಅಷ್ಟಾದರೂ, ಇವರು ಮನುಷ್ಯರಿಗಿಂತ ಮೇಲೆ ಎಂದು ಗ್ರಂಥ ಹೇಳುವುದಿಲ್ಲ.

ಜೈನರಲ್ಲಿ ಇನ್ನೊಂದು ಏಣಿ ಇದೆ, ಹದಿನಾಲ್ಕು ಗುಣಸ್ಥಾನಗಳದ್ದು. ಮಿಥ್ಯಾದೃಷ್ಟಿಯಿಂದ ಹೊರಟು ಕೇವಲಜ್ಞಾನದವರೆಗೆ ಆತ್ಮ ಹತ್ತುವ ಮೆಟ್ಟಿಲುಗಳು. ನಾಲ್ಕನೆಯ ಮೆಟ್ಟಿಲಲ್ಲಿ ಸತ್ಯ ಕಾಣುತ್ತದೆ, ಅದರಲ್ಲಿ ನಂಬಿಕೆ ಹುಟ್ಟುತ್ತದೆ, ಆದರೆ ವ್ರತವಿಲ್ಲ. ಐದನೆಯದರಲ್ಲಿ ಅಲ್ಪ ವ್ರತ, ಗೃಹಸ್ಥರು ಕೈಗೊಳ್ಳುವಂಥದ್ದು. ಆರರಿಂದ ಮುಂದೆ ಮುನಿಗಳ ದಾರಿ. ಷಟ್‌ಖಂಡಾಗಮದ ಉತ್ತರ ಹೀಗೆ: ನಾರಕಿಗಳಿಗೆ ನಾಲ್ಕು, ದೇವತೆಗಳಿಗೂ ನಾಲ್ಕೇ, ತಿರ್ಯಂಚರಿಗೆ ಐದು, ಮನುಷ್ಯರಿಗೆ ಹದಿನಾಲ್ಕು. ನಿಧಾನಕ್ಕೆ ಓದಿ. ನಕ್ಷತ್ರದಲ್ಲಿ ವಾಸಿಸುವವನು ನಿಂತ ಮೆಟ್ಟಿಲಿಗಿಂತ ಒಂದು ಮೆಟ್ಟಿಲು ಮೇಲಕ್ಕೆ ಒಂದು ಆನೆ ಹೋಗಬಲ್ಲುದು. ಪಾರ್ಶ್ವನಾಥ ತೀರ್ಥಂಕರನ ಹಿಂದಿನ ಜನ್ಮಗಳ ಕಥೆಯಲ್ಲಿ ಇದಕ್ಕೆ ಉದಾಹರಣೆಯೇ ಇದೆ: ವಜ್ರಘೋಷ ಎಂಬ ಕಾಡಾನೆ ಮುನಿಯೊಬ್ಬರ ಮಾತು ಕೇಳಿ ಅಣುವ್ರತ ತೊಟ್ಟು, ಆ ವ್ರತದಲ್ಲೇ ಹಾವು ಕಚ್ಚಿ ಸತ್ತಿತು. ಆ ತಾಳೆಗರಿಗಳನ್ನು ಕಾಪಾಡಿದ ಗುರುಬಸದಿಯ ಮೂಲನಾಯಕ ಇದೇ ಪಾರ್ಶ್ವನಾಥ.

ದೇವತೆಗೆ ವ್ರತ ಏಕೆ ಆಗದು? ಇಲ್ಲಿದೆ ಇಡೀ ವಿಚಾರದ ಜೀವಾಳ. ಮೇಲಿನ ದೇವನಿಗೆ ಆಸೆ ಕಡಿಮೆ, ಹಮ್ಮು ಕಡಿಮೆ, ಆಸ್ತಿಯೂ ಕಡಿಮೆ. ಆದರೆ ಅದು ಅವನ ಹುಟ್ಟಿನ ಗುಣ. ಆಸೆ ಇಲ್ಲದಿರುವುದು ಒಂದು, ಇರುವ ಆಸೆಯನ್ನು ಬಿಡುವುದು ಇನ್ನೊಂದು. ಹಸಿವು ಸಾವಿರಾರು ವರ್ಷಕ್ಕೊಮ್ಮೆ ಬರುವವನಿಗೆ ಉಪವಾಸ ಎಂಬುದಕ್ಕೆ ಅರ್ಥವಿಲ್ಲ. ಗಾಯವಾಗದ ಮೈಯವನಿಗೆ ಸಹನೆಯ ಪರೀಕ್ಷೆಯೇ ಇಲ್ಲ. ಅವನಿಗೆ ಬಂದದ್ದೆಲ್ಲ ಹಿಂದಿನ ಪುಣ್ಯದ ಫಲ; ಅದನ್ನು ಉಂಡು ಮುಗಿಸುವುದು ಬಿಟ್ಟರೆ ಅದರ ಎದುರು ನಿಂತು ಬೇಡ ಎನ್ನುವ ಬಲ ಅವನ ಗತಿಯಲ್ಲಿಲ್ಲ. ಪಂಪನ ‘ಆದಿಪುರಾಣ’ದ ಲಲಿತಾಂಗದೇವನನ್ನು ನೆನೆಯಿರಿ. ಸ್ವಯಂಪ್ರಭೆಯೊಂದಿಗೆ ಎಣಿಸಲಾಗದಷ್ಟು ಕಾಲ ಸುಖಿಸಿದವನು. ಕೊರಳಿನ ಬಾಡದ ಮಾಲೆ ಒಂದು ದಿನ ಬಾಡುತ್ತದೆ. ಇನ್ನು ಆರು ತಿಂಗಳಷ್ಟೇ ಆಯುಸ್ಸು. ಅಷ್ಟೆಲ್ಲ ಅರಿವಿದ್ದವನು ತತ್ತರಿಸಿಹೋಗುತ್ತಾನೆ. ಸ್ವರ್ಗದ ಸಾವನ್ನು ಇಷ್ಟು ಕರುಣೆಯಿಂದ ಕಂಡ ಕವಿ ಕನ್ನಡಕ್ಕೆ ಸಾವಿರ ವರ್ಷಗಳ ಹಿಂದೆ, 941ರಲ್ಲೇ ಸಿಕ್ಕಿದ್ದು ನಮ್ಮ ಭಾಗ್ಯ. ಸತ್ತ ಮೇಲೆ ದೇವ ಮತ್ತೆ ನೇರವಾಗಿ ದೇವನಾಗಿ ಹುಟ್ಟುವಂತಿಲ್ಲ. ತುತ್ತತುದಿಯ ಸರ್ವಾರ್ಥಸಿದ್ಧಿಯ ದೇವನಿಗೂ ಮೋಕ್ಷಕ್ಕೆ ಮುನ್ನ ಒಂದು ಮನುಷ್ಯಜನ್ಮ ಬೇಕೇ ಬೇಕು. ಮೊದಲ ತೀರ್ಥಂಕರ ವೃಷಭನಾಥ ದೀಕ್ಷೆಗೆ ಹೊರಟಾಗ ಪಲ್ಲಕ್ಕಿಗೆ ಮೊದಲು ಹೆಗಲು ಕೊಟ್ಟವರು ಮನುಷ್ಯ ರಾಜರು, ದೇವತೆಗಳ ಸರದಿ ಅವರ ನಂತರ ಬಂತು ಎಂದು ಪುರಾಣ ಹೇಳುವುದು ಈ ಕಾರಣಕ್ಕೇ.

ಇದು ಮನುಷ್ಯ ತನಗೆ ತಾನೇ ಹೊದಿಸಿಕೊಂಡ ಶಾಲು ಎಂಬ ಸಂದೇಹ ಬರುವುದು ನ್ಯಾಯ. ಅಳತೆಗೋಲು ಮಾಡಿದವನೂ ಗೆದ್ದವನೂ ಒಬ್ಬನೇ ಆದರೆ ಅನುಮಾನಿಸಲೇಬೇಕು. ಆದರೆ ಇದೇ ಗ್ರಂಥಗಳು ಇನ್ನೊಂದು ಮಾತನ್ನೂ ಹೇಳುತ್ತವೆ. ಏಳನೆಯ ನರಕದ ತಳಕ್ಕೆ ಬೀಳಬಲ್ಲವರೂ ಮನುಷ್ಯರೇ, ಜೊತೆಗೆ ಮೀನು. ದೊಡ್ಡ ಮೀನಿನ ಕಿವಿಯಲ್ಲಿರುವ ಅಕ್ಕಿಕಾಳಿನಷ್ಟಿನ ತಂದುಲಮತ್ಸ್ಯ, ತಾನಾಗಿದ್ದರೆ ಈ ಬಾಯೊಳಗೆ ಬಂದ ಜೀವಿಗಳನ್ನೆಲ್ಲ ತಿಂದುಬಿಡುತ್ತಿದ್ದೆ ಎಂದು ಯೋಚಿಸಿದ್ದಕ್ಕೇ ಏಳನೆಯ ನರಕಕ್ಕೆ ಹೋಯಿತಂತೆ. ದೇವನಾದರೋ ಸತ್ತ ಕೂಡಲೇ ನರಕಕ್ಕೆ ಬೀಳುವುದಿಲ್ಲ. ಹೀಗಾಗಿ ಮನುಷ್ಯನಿಗೆ ಸಿಕ್ಕಿರುವುದು ಎತ್ತರದ ಪದವಿಯಲ್ಲ, ಹರವು. ಮೇಲಕ್ಕೂ ಕೆಳಕ್ಕೂ ಅವನ ದಾರಿ ಎಲ್ಲರಿಗಿಂತ ಉದ್ದ. ಇದನ್ನು ಹೊಗಳಿಕೆ ಎಂದು ಯಾರೂ ಓದಲಾರರು.

ಇದೇ ಕರಾವಳಿಯಲ್ಲಿ ಇದಕ್ಕೆ ಎದುರಾದ ಉತ್ತರವೂ ಬೆಳೆಯಿತು. ಹದಿಮೂರನೇ ಶತಮಾನದಲ್ಲಿ ಉಡುಪಿ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಜೀವಜೀವರ ನಡುವೆ ತಾರತಮ್ಯ ಸ್ವರೂಪದಲ್ಲೇ ಇದೆ ಎಂದರು. ದೇವತೆಗಳು ಮನುಷ್ಯರಿಗಿಂತ ಮೇಲು, ದೇವತೆಗಳಲ್ಲೂ ಒಬ್ಬರಿಗಿಂತ ಒಬ್ಬರು ಮೇಲು, ಮೋಕ್ಷದಲ್ಲೂ ಆನಂದದ ಹೆಚ್ಚುಕಡಿಮೆ ಉಳಿಯುತ್ತದೆ. ತೈತ್ತಿರೀಯ ಉಪನಿಷತ್ತು ಮನುಷ್ಯನ ಆನಂದದಿಂದ ಹೊರಟು ನೂರು ನೂರು ಪಟ್ಟು ಏರುತ್ತ ಚತುರ್ಮುಖ ಬ್ರಹ್ಮನವರೆಗೆ ಹೋಗುವ ಭಾಗ ಅವರಿಗೆ ಅಕ್ಷರಶಃ ಸತ್ಯ. ದೇವತೆಗಳಿಗೆ ಸಾಧನೆ ಇಲ್ಲ ಎಂಬುದನ್ನು ವೇದಾಂತ ಒಪ್ಪುವುದೂ ಇಲ್ಲ. ಬ್ರಹ್ಮಸೂತ್ರದಲ್ಲಿ ಬಾದರಾಯಣರು ಮನುಷ್ಯರಿಗಿಂತ ಮೇಲಿನವರಿಗೂ ಬ್ರಹ್ಮವಿದ್ಯೆಯ ಅಧಿಕಾರವುಂಟು ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಈ ನಿಲುವಿಗೆ ಅದರದ್ದೇ ಘನತೆ ಇದೆ. ವಿಶ್ವದಲ್ಲಿ ನಮಗಿಂತ ನಿಜಕ್ಕೂ ದೊಡ್ಡವರಿದ್ದಾರೆ ಎಂದು ಒಪ್ಪಿ ತಲೆಬಾಗುವ ವಿನಯ ಅದರಲ್ಲಿದೆ. ಆದರೂ ಛಾಂದೋಗ್ಯದ ಇಂದ್ರನ ಕಥೆ ನೋಡಿ. ಆತ್ಮವನ್ನು ತಿಳಿಯಬೇಕಾದಾಗ ದೇವರಾಜ ಸಮಿತ್ತು ಹಿಡಿದು ಪ್ರಜಾಪತಿಯ ಬಳಿ ಶಿಷ್ಯನಾಗಿ ಬರುತ್ತಾನೆ, ಒಟ್ಟು ನೂರೊಂದು ವರ್ಷ ಬ್ರಹ್ಮಚರ್ಯದಲ್ಲಿರುತ್ತಾನೆ. ಜೊತೆಗೆ ಬಂದ ವಿರೋಚನ ದೇಹವೇ ಆತ್ಮವೆಂದು ತಿಳಿದು ತೃಪ್ತಿಯಿಂದ ಮರಳುತ್ತಾನೆ. ಇಂದ್ರ ಸಿಂಹಾಸನ ಬಿಟ್ಟು ಮತ್ತೆ ಮತ್ತೆ ಬಂದದ್ದರಿಂದಲೇ ವಿರೋಚನನನ್ನು ಮೀರಿದ. ಯಾರು ಮೇಲೆ ಎಂಬುದರಲ್ಲಿ ಪಾಜಕಕ್ಕೂ ಮೂಡುಬಿದಿರೆಗೂ ಹೊಂದಿಕೆಯಾಗದು. ಬಿಡುವುದು ದೊಡ್ಡದು ಎಂಬುದರಲ್ಲಿ ಅವೆರಡೂ ಬಹಳ ದೂರವಿಲ್ಲ.

ಅಳತೆ ತಪ್ಪಿದರೆ ಆಗುವ ಹಾನಿ ಬರೀ ಚರ್ಚೆಯದ್ದಲ್ಲ. ಚೌಟ ರಾಣಿ ಅಬ್ಬಕ್ಕನ ಉಳ್ಳಾಲಕ್ಕೆ ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳು ಬಂದವು. ತೋಪು ದೊಡ್ಡದಿದ್ದ ಮಾತ್ರಕ್ಕೆ ತಾವು ದೊಡ್ಡವರು ಎಂಬ ನಂಬಿಕೆ ಆ ಹಡಗುಗಳಲ್ಲಿತ್ತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡ. ರಾಣಿ ಬರಿಗಾಲಲ್ಲಿ, ಸಾದಾ ಬಟ್ಟೆಯಲ್ಲಿ, ನೀರಿನ ಕಾಲುವೆ ತೋಡುವ ಕೆಲಸ ನೋಡಲು ಹೊರಟಿದ್ದಳು. ನೋಟಕ್ಕೆ ಅಡುಗೆಯಾಳಿನಂತೆ ಕಂಡಳು, ಮಾತಾಡಿದ ಮೇಲೆ ರಾಣಿಯ ಮನಸ್ಸು ತಿಳಿಯಿತು ಎಂಬರ್ಥದಲ್ಲಿ ಅವನು ಬರೆದಿಟ್ಟ. ಹೊರಗಿನಿಂದ ಬಂದವನ ಕಣ್ಣು ತಾನು ತಂದ ಅಳತೆಗೋಲನ್ನು ಅರ್ಧ ದಾರಿಯಲ್ಲಿ ಕೆಳಗಿಟ್ಟ ಅಪರೂಪದ ಕ್ಷಣ ಅದು. ಎಚ್.ಜಿ. ವೆಲ್ಸ್ 1898ರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ನಲ್ಲಿ ಮಂಗಳದವರನ್ನು ಭೂಮಿಗೆ ಇಳಿಸಿದಾಗ, ಯುರೋಪಿನವರು ಟಾಸ್ಮೇನಿಯಾದ ಜನರಿಗೆ ಮಾಡಿದ್ದನ್ನು ಮೊದಲ ಅಧ್ಯಾಯದಲ್ಲೇ ನೆನಪಿಸುತ್ತಾರೆ. ಮಂಗಳದವರ ಬಳಿ ಶಾಖದ ಕಿರಣವಿದೆ, ಕರುಣೆಯಿಲ್ಲ. ಅವರನ್ನು ಮುಂದುವರಿದವರು ಎಂದು ಕರೆದ ಕೂಡಲೇ ಟಾಸ್ಮೇನಿಯಾದಲ್ಲಿ ಕೊಂದವರನ್ನೂ ಹಾಗೆಯೇ ಕರೆಯಬೇಕಾಗುತ್ತದೆ.

ಓವರ್‌ಲಾರ್ಡ್‌ಗಳು ಮಂಗಳದವರಂತಲ್ಲ, ಕರುಣೆಯುಳ್ಳವರು. ಅದಕ್ಕೇ ಅವರ ಪ್ರಕರಣ ಕಷ್ಟದ್ದು. ಮೂಡುಬಿದಿರೆಯ ಅಳತೆಯಲ್ಲಿಟ್ಟು ನೋಡಿದರೆ, ಅವರ ಆಳ್ವಿಕೆಯಲ್ಲಿ ಭೂಮಿಯವರು ಯುದ್ಧವನ್ನು ಬಿಡಲಿಲ್ಲ, ಯುದ್ಧವನ್ನು ಅವರ ಕೈಯಿಂದ ತೆಗೆಯಲಾಯಿತು. ಗೂಳಿಯನ್ನು ತಿವಿಯುವುದು ನಿಂತದ್ದು ಅಹಿಂಸೆಯ ವ್ರತದಿಂದಲ್ಲ, ತಮ್ಮ ಮೈಯ ನೋವಿನಿಂದ. ಅಂದರೆ ಒಳ್ಳೆಯ ಜಗತ್ತು ಬಂತು, ಒಂದೇ ಒಂದು ಮೆಟ್ಟಿಲು ಯಾರೂ ಹತ್ತಲಿಲ್ಲ. ಮಕ್ಕಳು ವಿಶ್ವಚೇತನದಲ್ಲಿ ಸೇರಿದ್ದೂ ಹಾಗೆಯೇ: ಅವರು ಅದನ್ನು ಬಯಸಿರಲಿಲ್ಲ, ಅದಕ್ಕಾಗಿ ಏನನ್ನೂ ಬಿಟ್ಟಿರಲಿಲ್ಲ, ಅದು ಅವರಿಗೆ ಸಂಭವಿಸಿತು. ಕ್ಲಾರ್ಕ್ ಅದನ್ನು ಏರಿಕೆ ಎಂದು ತೋರಿಸುತ್ತಾರೆ. ವ್ರತವನ್ನು ಅಳತೆಯಾಗಿಟ್ಟುಕೊಂಡವರು ಅದನ್ನು ಒಪ್ಪಲಾರರು. ಕಾದಂಬರಿಯ ಕೊನೆಯಲ್ಲಿ ಓವರ್‌ಲಾರ್ಡ್‌ಗಳ ನಾಯಕ ಕರೆಲ್ಲೆನ್ ತಮ್ಮವರಿಗೆ ಎಂದೂ ಆ ಬಾಗಿಲು ತೆರೆಯದೆಂದು ತಿಳಿದೂ, ಕಟ್ಟಕಡೆಯವರೆಗೂ ಕೆಲಸ ಮಾಡುತ್ತಲೇ ಇರುತ್ತೇವೆ, ಆದರೆ ಸೇವೆಯಲ್ಲೂ ಆತ್ಮವನ್ನು ಒಪ್ಪಿಸಿಬಿಡುವುದಿಲ್ಲ ಎಂಬ ನಿಲುವಿಗೆ ಬರುತ್ತಾನೆ. ಆ ಒಂದು ಗಳಿಗೆಯಲ್ಲಿ ಅವನು ತನ್ನ ನೌಕೆಗಳಿಗಿಂತ, ತನ್ನ ಜ್ಞಾನಕ್ಕಿಂತ ಎತ್ತರದಲ್ಲಿ ನಿಲ್ಲುತ್ತಾನೆ. ಅದು ವ್ರತಕ್ಕೆ ತೀರ ಸಮೀಪದ ಜಾಗ. ಹಾಗಾಗಿ ನನ್ನ ತೀರ್ಪು ಕ್ಲಾರ್ಕ್ ಕೊಟ್ಟ ಕ್ರಮಕ್ಕೆ ತಿರುವುಮುರುವು: ಶಕ್ತಿಯಿಂದ ಓವರ್‌ಲಾರ್ಡ್‌ಗಳು ಮನುಷ್ಯರಿಗಿಂತ ಮೇಲಲ್ಲ, ಆ ನಿರ್ಧಾರದಿಂದ ಅವರು ಭೂಮಿಯ ಆ ಮಕ್ಕಳಿಗಿಂತ ಮೇಲು.

1977ರಲ್ಲಿ ಹಾರಿದ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಅವುಗಳಲ್ಲಿ ಕನ್ನಡವೂ ಒಂದು. ಅದನ್ನು ಎಂದಾದರೂ ಯಾರಾದರೂ ಕೇಳಿಸಿಕೊಂಡರೆ ಅವರು ನಮಗಿಂತ ಮೇಲಿನವರೇ ಎಂಬ ಪ್ರಶ್ನೆ ಕಥೆಯಾಗಿ ಉಳಿಯದು. ಅದಕ್ಕೆ ತಯಾರಾಗಲು ಬಯಸುವ ಓದುಗರಲ್ಲಿ ಒಂದು ವಿನಂತಿ: ‘ಚೈಲ್ಡ್‌ಹುಡ್ಸ್ ಎಂಡ್’ ಓದಿ, ಅದರ ಜೊತೆಗೇ ಪಂಪನ ಲಲಿತಾಂಗನ ಭಾಗವನ್ನೂ ಓದಿ, ಪುತ್ತಿಗೆಯ ಕಡೆ ಹೋದಾಗ ಮೂಡುಬಿದಿರೆಯ ಗುರುಬಸದಿಗೂ ಹೋಗಿ ಬನ್ನಿ.